ಕವಲು ಬಾಲದ್ದು ಬೇರೆ ಹಕ್ಕಿ

ಪ್ರಶ್ನೆ: ನನ್ನ ತಂಗಿ ಕ್ಯೂಬಾದಲ್ಲಿ ತೆಗೆದ ಫೋಟೋ ಕಳಿಸಿದ್ದೇನೆ. ಮೈಯೆಲ್ಲ ಹೊಳೆಯುವ ಹಸಿರು. ಉದ್ದ ಬಾಲ, ತುದಿಯಲ್ಲಿ ಕವಲು. ಪ್ರಪಂಚದ ಅತಿ ಚಿಕ್ಕ ಹಕ್ಕಿ ‘ಬೀ ಹಮ್ಮಿಂಗ್‌ಬರ್ಡ್’ ಇದೇನಾ?

ಉತ್ತರ: ಅಲ್ಲ. ಇದೂ ಹಮ್ಮಿಂಗ್‌ಬರ್ಡೇ, ಆದರೆ ‘ಕ್ಯೂಬನ್ ಎಮರಾಲ್ಡ್’ ಜಾತಿಯ ಗಂಡು. ಸುಮಾರು 10 ಸೆಂ.ಮೀ. ಉದ್ದ ಇರುತ್ತದೆ. ತೋಟಗಳಲ್ಲೂ ಸುಲಭವಾಗಿ ಕಾಣಸಿಗುತ್ತದೆ.

ನೀವು ಕೇಳಿದ ಹಕ್ಕಿ ಕೊಕ್ಕು, ಬಾಲ ಎಲ್ಲ ಸೇರಿ 5-6 ಸೆಂ.ಮೀ. ಅಷ್ಟೇ. ತೂಕ ಸುಮಾರು 2 ಗ್ರಾಂ. ಆದರೆ ಫೋಟೋದಲ್ಲಿ ಗಾತ್ರ ಗೊತ್ತಾಗೋದು ಕಷ್ಟ, ಅಲ್ವಾ? ಅದಕ್ಕೇ ನಾನು ಯಾವಾಗಲೂ ಮೊದಲು ಬಾಲ ನೋಡಿ ಅನ್ನುತ್ತೇನೆ. ಬೀ ಹಮ್ಮಿಂಗ್‌ಬರ್ಡ್‌ನ ಬಾಲ ಮೊಟಕು, ಕವಲಿಲ್ಲ. ಗಂಡಿನ ಬೆನ್ನು ನೀಲಿ. ಮರಿ ಮಾಡುವ ಕಾಲದಲ್ಲಿ ತಲೆ, ಗಂಟಲು ಕೆಂಪಾಗಿ ಹೊಳೆಯುತ್ತವೆ, ಕತ್ತಿನ ಎರಡೂ ಪಕ್ಕ ಉದ್ದ ಗರಿಗಳು ಚಾಚಿಕೊಳ್ಳುತ್ತವೆ. ಹೆಣ್ಣಿಗೆ ಈ ಕೆಂಪಿಲ್ಲ. ಅದರ ಹೊಟ್ಟೆ ಬೂದು ಮಿಶ್ರಿತ ಬಿಳಿ, ಬಾಲದ ಅಂಚಿನ ಗರಿಗಳ ತುದಿಯಲ್ಲಿ ಬಿಳಿ ಚುಕ್ಕೆ.

ಬಣ್ಣವನ್ನೇ ನಂಬಿ ಕೂರಬೇಡಿ. ಆ ಕೆಂಪು ಬರೀ ಬಣ್ಣದ ಪುಡಿಯಿಂದ ಬಂದದ್ದಲ್ಲ. ಗರಿಯ ಒಳಗಿನ ಅತಿ ಸಣ್ಣ ಪದರಗಳು ಬೆಳಕನ್ನು ಮರಳಿಸುವ ರೀತಿಯಿಂದ ಹುಟ್ಟುತ್ತದೆ. ಹಕ್ಕಿ ಸ್ವಲ್ಪ ತಿರುಗಿದರೆ ಸಾಕು, ಅದೇ ಗಂಟಲು ಕಪ್ಪಾಗಿ ಕಾಣುತ್ತದೆ.

ಈ ಹಕ್ಕಿ ಕ್ಯೂಬಾ ಬಿಟ್ಟು ಬೇರೆಲ್ಲೂ ಇಲ್ಲ. ದಕ್ಷಿಣ ತೀರದ ಸಪಾಟಾ ಜೌಗು ಪ್ರದೇಶ, ಪಶ್ಚಿಮ ತುದಿಯ ಗ್ವಾನಾಕಬೀಬೆಸ್ ಅದರ ಹೆಸರುವಾಸಿ ನೆಲೆಗಳು. ಹೂವಿನ ಗಿಡಗಳಿರುವ ತೋಟಕ್ಕೂ ಬರುತ್ತದೆ ನಿಜ. ಆದರೆ ಸುಮ್ನೆ ಹೂವಿದ್ದರೆ ಸಾಲದು. ಅದಕ್ಕೆ ಪುಟ್ಟ ಹುಳಗಳೂ ಬೇಕು, ಗೂಡಿಗೆ ಜೇಡರ ಬಲೆ, ಕಲ್ಲುಹೂವು ಬೇಕು. ಸುಮಾರು 3 ಸೆಂ.ಮೀ. ಅಗಲದ ಆ ಗೂಡನ್ನು ಹೆಣ್ಣೇ ಕಟ್ಟಿ, 2 ಮೊಟ್ಟೆ ಇಟ್ಟು, ಒಂಟಿಯಾಗಿ ಮರಿ ಸಾಕುತ್ತದೆ. ಇದೆಲ್ಲ ಒಂದೇ ಕಡೆ ಸಿಗುವುದು ಬಳ್ಳಿ ಹಬ್ಬಿದ ಕಾಡಿನಲ್ಲಿ. ಅಂಥ ಕಾಡನ್ನು ಕಬ್ಬಿಗೆ, ದನದ ಹುಲ್ಲುಗಾವಲಿಗೆ ಅಂತ ಎಷ್ಟೋ ಕಡೆ ಕಡಿದುಬಿಟ್ಟರು. ನನಗೆ ತುಂಬಾ ಸಂಕಟ ಆಗುವ ವಿಷಯ ಇದು. ಅಳಿವಿನ ಅಪಾಯದಲ್ಲಿರುವ ಜೀವಿಗಳ ಲೆಕ್ಕ ಇಡುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಈಗ ಈ ಹಕ್ಕಿ ಅಪಾಯದ ಅಂಚಿಗೆ ಹತ್ತಿರವಿರುವ ಜಾತಿಗಳ ಸಾಲಿನಲ್ಲಿದೆ.

ನಿಮ್ಮ ತಂಗಿ ಮತ್ತೆ ಹೋಗುವುದಾದರೆ ಮಾರ್ಚ್‌ನಿಂದ ಜೂನ್ ಒಳಗೆ ಹೋಗಲಿ. ಬರೀ ಹೂವಿನ ಹತ್ತಿರ ಕಾಯದೆ, ಮರದ ಮೇಲಿನ ಎಲೆಯಿಲ್ಲದ ರೆಂಬೆಗಳನ್ನೂ ನೋಡಲಿ. ಗಂಡು ಅಲ್ಲೇ ಕೂತು ಹಾಡುತ್ತಿರುತ್ತದೆ.