ಕೂತರೋ, ಕೂರಿಸಿದರೋ?

ನಮಸ್ಕಾರ.

‘ಹಳೆ ಶಾಲೆಯ ಅಂಗಳದಲ್ಲಿ’ ಲೇಖನ ತಲುಪಿತು. ಎರಡು ಸಲ ಓದಿದೆ. ಮೊದಲನೇ ಸಲ ಇಷ್ಟವಾಯಿತು, ಎರಡನೇ ಸಲ ಸಿಟ್ಟು ಬಂತು. ಸಿಟ್ಟು ಬರಿಸದ ಲೇಖನಗಳಿಗೆ ನಾನು ಎರಡು ಸಾಲು ಗೀಚಿ ವಾಪಸ್ ಕಳಿಸಿಬಿಡುತ್ತೇನೆ. ನಿಮಗೆ ಇಷ್ಟುದ್ದ ಬರೆಯುತ್ತಿದ್ದೇನೆ ಅಂದರೆ ಅರ್ಥ ಮಾಡಿಕೊಳ್ಳಿ.

ಮೊದಲು ಹೊಗಳಿಕೆ ಮುಗಿಸಿಬಿಡೋಣ. ವಿಷಯ ಹೊಸದು. ಅಮೆರಿಕದಿಂದ ನಮಗೆ ಬರುವ ಲೇಖನಗಳು ಸಾಮಾನ್ಯವಾಗಿ ಮೊದಲ ಹಿಮ ಬಿದ್ದದ್ದರ ಬಗ್ಗೆ, ಇಲ್ಲದಿದ್ದರೆ ಯುಗಾದಿಗೆ ಒಬ್ಬಟ್ಟು ಮಾಡಿದ್ದರ ಬಗ್ಗೆ. ನೀವು ರಿಚ್ಮಂಡಿನಿಂದ, ಜೊತೆಗೆ ಕೆಲಸ ಮಾಡಿದ ಒಬ್ಬ ಹಿರಿಯ ಮಹಿಳೆಯ ಕಾರಿನಲ್ಲಿ, ವರ್ಜೀನಿಯಾ ರಾಜ್ಯದ ಪ್ರಿನ್ಸ್ ಎಡ್ವರ್ಡ್ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ಫಾರ್ಮ್‌ವಿಲ್ ಎಂಬ ಸಣ್ಣ ಊರಿಗೆ ಹೋಗಿದ್ದೀರಿ. ಅಲ್ಲಿನ ಹಳೆ ಮೋಟನ್ ಹೈಸ್ಕೂಲು ಈಗ ಮ್ಯೂಸಿಯಂ. ಅಲ್ಲಿ ಸೇರಿದ್ದ ಹಳೆ ವಿದ್ಯಾರ್ಥಿಗಳ ಮಾತು ಕೇಳಿಸಿಕೊಂಡು ಬಂದಿದ್ದೀರಿ. ಕಪ್ಪು ಮಕ್ಕಳಿಗೆ ಒಂದು ಶಾಲೆ, ಬಿಳಿ ಮಕ್ಕಳಿಗೆ ಇನ್ನೊಂದು ಶಾಲೆ ಇದ್ದ ಕಾಲದವರು ಅವರು. ಭಾಷೆ ಸರಾಗವಾಗಿದೆ. ಕಾಗುಣಿತದ ತಪ್ಪು ಮೂರೇ. ಇಷ್ಟು ಸಾಕು ಅಲ್ವಾ?

ಈಗ ಜಗಳ.

ಎರಡನೇ ಪುಟ, ಮೇಲಿನಿಂದ ನಾಲ್ಕನೇ ಸಾಲು: ‘1959ರಲ್ಲಿ ಪ್ರಿನ್ಸ್ ಎಡ್ವರ್ಡ್ ಕೌಂಟಿಯ ಶಾಲೆಗಳು ಮುಚ್ಚಿಹೋದವು.’

ಮುಚ್ಚಿಹೋಗುವುದು ಅಂದರೇನು? ಹೂಳು ತುಂಬಿ ಬಾವಿ ಮುಚ್ಚಿಹೋಗುತ್ತದೆ. ಕಸ ಕಟ್ಟಿಕೊಂಡು ಚರಂಡಿ ಮುಚ್ಚಿಹೋಗುತ್ತದೆ. ಹುಲ್ಲು ಬೆಳೆದು ಕಾಲುದಾರಿ ಮುಚ್ಚಿಹೋಗುತ್ತದೆ. ಒಂದಿಡೀ ಕೌಂಟಿಯ ಸರ್ಕಾರಿ ಶಾಲೆಗಳು ಹಾಗೆ ತಮ್ಮ ಪಾಡಿಗೆ ತಾವು ಮುಚ್ಚಿಹೋದವಾ? ನಡೆದದ್ದು ನಿಮಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅದನ್ನು ಆರನೇ ಪುಟದ ಕೊನೆಯಲ್ಲಿ ಕಂಸದೊಳಗೆ ಬಚ್ಚಿಟ್ಟಿದ್ದೀರಿ. ನಾನೇ ಹೊರಗೆ ತೆಗೆಯುತ್ತೇನೆ. 1954ರ ಮೇ 17ರಂದು ಅಮೆರಿಕದ ಸುಪ್ರೀಂ ಕೋರ್ಟು ಬ್ರೌನ್ ಪ್ರಕರಣದಲ್ಲಿ, ಬಣ್ಣ ನೋಡಿ ಮಕ್ಕಳಿಗೆ ಬೇರೆ ಬೇರೆ ಶಾಲೆ ಮಾಡುವುದು ಕೂಡದು ಎಂದಿತು. ವರ್ಜೀನಿಯಾದ ನಾಯಕರು ಐದು ವರ್ಷ ಎಳೆದಾಡಿದರು. 1959ರಲ್ಲಿ ಇನ್ನು ಎಳೆಯುವ ಹಾಗಿಲ್ಲ, ಸೆಪ್ಟೆಂಬರಿಗೆ ಶುರುಮಾಡಿ ಅಂತ ಮೇಲಿನ ಕೋರ್ಟು ಹೇಳಿದಾಗ, ಕೌಂಟಿಯ ಆಡಳಿತ ಮಂಡಳಿಯವರು ಒಂದು ತೀರ್ಮಾನ ಮಾಡಿದರು: ಶಾಲೆಗೆ ಅಂತ ಇನ್ನು ತೆರಿಗೆಯನ್ನೇ ಎತ್ತುವುದಿಲ್ಲ. ದುಡ್ಡಿಲ್ಲದ ಮೇಲೆ ಶಾಲೆ ಎಲ್ಲಿಂದ ಬರಬೇಕು? ಬೀಗ ಹಾಕಿಸಿದರು. ಐದು ವರ್ಷ. ಅದೇ ಸೆಪ್ಟೆಂಬರಿನಲ್ಲಿ ಬಿಳಿ ಮಕ್ಕಳಿಗೆ ಚರ್ಚುಗಳಲ್ಲಿ, ಅಲ್ಲಿ ಇಲ್ಲಿ ಜಾಗ ಹಿಡಿದು ಖಾಸಗಿ ಶಾಲೆ ತೆರೆದರು. ಮುಂದಿನ ವರ್ಷ ಆ ಶಾಲೆಯ ಫೀಸಿಗೆ ಸರ್ಕಾರದ ದುಡ್ಡೇ ಬಂತು. ಸರ್ಕಾರಿ ಶಾಲೆಗೆ ಇಲ್ಲದ ದುಡ್ಡು ಖಾಸಗಿ ಶಾಲೆಗೆ ಇತ್ತು ನೋಡಿ! ಸುಮಾರು 1,700 ಕಪ್ಪು ಮಕ್ಕಳಿಗೆ ಏನೂ ಇಲ್ಲ.

ಇಷ್ಟೊಂದು ಕಷ್ಟಪಟ್ಟು ಕೆಲಸ ಮಾಡಿದವರನ್ನು ನೀವು ‘ಮುಚ್ಚಿಹೋದವು’ ಅಂದು ಸುಮ್ನೆ ಮನೆಗೆ ಕಳಿಸಿಬಿಟ್ಟಿರಿ.

ಅದರ ಕೆಳಗಿನ ಸಾಲು: ‘ಕಪ್ಪು ಮಕ್ಕಳು ಶಿಕ್ಷಣದಿಂದ ವಂಚಿತರಾದರು.’

ಇದು ನಿಮ್ಮೊಬ್ಬರ ತಪ್ಪಲ್ಲ. ನಾವು ಪತ್ರಿಕೆಯವರು ಈ ಪದವನ್ನು ಬಳಸಿ ಬಳಸಿ ಸವೆಸಿದ್ದೇವೆ. ವಂಚಿತ ಅನ್ನುವ ಪದದ ಹೊಟ್ಟೆಯಲ್ಲೇ ವಂಚನೆ ಇದೆ. ವಂಚನೆ ಅಂದ ಮೇಲೆ ವಂಚಿಸಿದವನು ಇರಬೇಕು ತಾನೇ? ನಮ್ಮ ಬರಹಗಳಲ್ಲಿ ಮಾತ್ರ ಜನ ಮಳೆಗೆ ನೆನೆದು ನೆಗಡಿ ಬಂದ ಹಾಗೆ ವಂಚಿತರಾಗುತ್ತಾರೆ. ಸೌಲಭ್ಯವಂಚಿತರು, ಅವಕಾಶವಂಚಿತರು. ಜೇಬು ಕತ್ತರಿಸಿದವನ ಮೇಲೆ ದೂರು ಕೊಡಲು ಹೋಗಿ ‘ಸಾರ್, ನಾನು ಪರ್ಸಿನಿಂದ ವಂಚಿತನಾದೆ’ ಅಂತ ಯಾರಾದರೂ ಹೇಳುತ್ತಾರಾ?

ಮೂರನೇ ಪುಟ: ‘ಮಕ್ಕಳು ಟಾರು ಕಾಗದ ಹೊದಿಸಿದ ಶೆಡ್ಡುಗಳಲ್ಲಿ ಕೂತು ಓದುತ್ತಿದ್ದರು.’

ಈ ಸಾಲಿನ ಹತ್ತಿರ ಪೆನ್ನು ಕೆಳಗಿಟ್ಟು ಎದ್ದು ಹೋಗಿ ಟೀ ಕುಡಿದು ಬಂದೆ. ಯಾಕೆ ಅಂತ ಹೇಳುತ್ತೇನೆ.

ನನಗೆ ಇಪ್ಪತ್ತೆರಡು ವರ್ಷ ಇದ್ದಾಗ ಒಂದು ಜಿಲ್ಲಾ ಪತ್ರಿಕೆ ಸೇರಿದೆ. ಇನ್ನೂ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲ. ನಾಲ್ಕು ಪುಟದ ಪತ್ರಿಕೆ, ಸಂಬಳ ಬಂದರೆ ಬಂತು. ಸಂಪಾದಕರನ್ನು ನಾವೆಲ್ಲ ಯಜಮಾನ್ರು ಅಂತಲೇ ಕರೆಯುತ್ತಿದ್ದೆವು. ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ಐವತ್ತು ವರ್ಷ ತುಂಬಿತ್ತು. ವರದಿ ಮಾಡಿಕೊಂಡು ಬಾ ಅಂತ ಕಳಿಸಿದರು. ಹೋದೆ. ಭಾಷಣ ಆಯಿತು, ತೀರಿಹೋಗಿದ್ದ ಮೊದಲ ಹೆಡ್ ಮಾಸ್ಟರ ಫೋಟೋಗೆ ಗಂಧದ ಹಾರ ಹಾಕಿದರು. ಮಧ್ಯಾಹ್ನ ಅವರ ಮಗನ ಮನೆಯಲ್ಲೇ ನನಗೆ ಎಲೆ ಹಾಕಿದರು. ಹೋಳಿಗೆ, ಮೇಲೆ ಧಾರಾಳ ತುಪ್ಪ.

ಸಂಜೆ ಬಸ್ಸಿಗೆ ಕಾಯುತ್ತಿದ್ದಾಗ ಅರವತ್ತು ದಾಟಿದ ಒಬ್ಬರು ಹತ್ತಿರ ಬಂದು ನಿಂತರು. ರೈಲ್ವೆಯಲ್ಲಿ ಗ್ಯಾಂಗ್‌ಮನ್ ಆಗಿದ್ದು ರಿಟೈರ್ ಆದವರು. ಅದೇ ಶಾಲೆಯ ಮೊದಮೊದಲ ವಿದ್ಯಾರ್ಥಿ. ‘ಒಳಗಡೆ ಬೋರ್ಡು ಹೆಂಗಿತ್ತು ಅಂತ ಇವತ್ತೇ ನೋಡಿದ್ದು ಸ್ವಾಮಿ’ ಅಂದರು. ನಾಲ್ಕು ವರ್ಷ ಜಗಲಿಯಲ್ಲಿ ಕೂತು, ಕಿಟಕಿಯಿಂದ ಹೊರಗೆ ಬಿದ್ದ ಮಾತನ್ನೇ ಹಿಡಿದು ಮಗ್ಗಿ ಕಲಿತವರು. ಬಾಯಾರಿದರೆ ಯಾರಾದರೂ ಬಂದು ಮೇಲಿನಿಂದ ನೀರು ಹೊಯ್ಯುವ ತನಕ ಬೊಗಸೆ ಒಡ್ಡಿಕೊಂಡು ಕಾಯಬೇಕಿತ್ತಂತೆ. ಅರವತ್ತರವರು ಇಪ್ಪತ್ತೆರಡರ ಹುಡುಗನಿಗೆ ಸ್ವಾಮಿ ಅಂದದ್ದೂ ಆಗ ನನ್ನ ಕಿವಿಗೆ ಬೀಳಲಿಲ್ಲ.

ನಾನು ಬರೆದದ್ದು ಹೀಗೆ: ‘ಆ ದಿನಗಳಲ್ಲಿ ಕೆಲವು ಮಕ್ಕಳು ಜಗಲಿಯ ಮೇಲೆ ಕುಳಿತು ಪಾಠ ಕೇಳುತ್ತಿದ್ದರು.’

ಯಜಮಾನ್ರು ಗ್ಯಾಲಿ ಪ್ರೂಫ್ ಹಿಡಿದುಕೊಂಡು ನಾನಿದ್ದಲ್ಲಿಗೇ ಬಂದರು. ‘ಏನಯ್ಯಾ, ಜಗಲೀಲಿ ಗಾಳಿ ಚೆನ್ನಾಗಿ ಬರ್ತಿತ್ತೇನು?’

ಅರ್ಥವಾಗಲಿಲ್ಲ.

‘ಅವರೇ ಹೋಗಿ ಕೂತ್ರೋ, ಯಾರಾದ್ರೂ ಕೂರಿಸಿದ್ರೋ?’

ಕೂರಿಸಿದರು ಅಂದೆ.

‘ಕೂರಿಸಿದವನಿಗೆ ಹೆಸರಿಲ್ವಾ? ಕೆಲವು ಮಕ್ಕಳು ಅಂದ್ರೆ ಯಾವ ಮಕ್ಕಳು? ಹೋಗು, ಕೇಳ್ಕೊಂಡು ಬಾ.’

ಮೊಳೆ ಜೋಡಿಸುತ್ತಿದ್ದ ಹುಡುಗರು ಕಿಸಕ್ಕನೆ ನಕ್ಕರು. ಮರುದಿನ ನನ್ನದೇ ಖರ್ಚಿನಲ್ಲಿ ಬಸ್ಸು ಹತ್ತಿದೆ. ಆ ಹಿರಿಯರು ಹೆಸರು ಹೇಳಿದರು. ಗಂಧದ ಹಾರ ಹಾಕಿಸಿಕೊಂಡ ಫೋಟೋದ ಹೆಸರು. ನಿಜ ಹೇಳಬೇಕೆಂದರೆ ನನಗೆ ಮೊದಲೇ ಅನುಮಾನ ಇತ್ತು. ಬಸ್ ಸ್ಟ್ಯಾಂಡಿನಲ್ಲೇ ಕೇಳಬಹುದಿತ್ತು. ಕೇಳಲಿಲ್ಲ. ಹೊಟ್ಟೆಯಲ್ಲಿ ಆ ಮನೆಯ ಹೋಳಿಗೆ ಇನ್ನೂ ಕರಗಿರಲಿಲ್ಲ.

ದಲಿತ ಮಕ್ಕಳನ್ನು ಹೆಡ್ ಮಾಸ್ಟರು ಜಗಲಿಯಲ್ಲಿ ಕೂರಿಸುತ್ತಿದ್ದರು ಅಂತ, ಹೆಸರು ಸಮೇತ, ಅಚ್ಚಾಯಿತು. ಆ ಊರಿನಲ್ಲಿ ಪತ್ರಿಕೆ ತರಿಸುತ್ತಿದ್ದದ್ದು ಹನ್ನೊಂದು ಮನೆ. ಏಳು ಮನೆಯವರು ನಿಲ್ಲಿಸಿದರು. ಯಜಮಾನ್ರು ಅದನ್ನು ನನ್ನ ಲೆಕ್ಕಕ್ಕೆ ಹಾಕಲಿಲ್ಲ, ಅಷ್ಟೇ.

ಅವತ್ತಿನಿಂದ ನನಗೆ ಕನ್ನಡದ ‘ಇಸು’ ಮೇಲೆ ಒಂದು ಕಣ್ಣು. ಕೂತರು ಎಲ್ಲಿ, ಕೂರಿಸಿದರು ಎಲ್ಲಿ! ಬಿಟ್ಟರು, ಬಿಡಿಸಿದರು. ಓಡಿದರು, ಓಡಿಸಿದರು. ಎರಡಕ್ಷರ ಸೇರಿದರೆ ಇನ್ನೊಬ್ಬ ಮನುಷ್ಯ ವಾಕ್ಯದೊಳಗೆ ಬಂದು ನಿಲ್ಲುತ್ತಾನೆ. ‘ಕೂರಿಸಲಾಗುತ್ತಿತ್ತು’ ಅಂತ ತಿದ್ದಿ ಕಳಿಸಬೇಡಿ ಮತ್ತೆ. ಅದರಲ್ಲಿ ಇಸು ಇದೆ, ಮನುಷ್ಯ ಪರಾರಿ.

ಈಗ ನಿಮ್ಮ ಶೆಡ್ಡಿಗೆ ಬನ್ನಿ. ಮೋಟನ್ ಹೈಸ್ಕೂಲು ಕಟ್ಟಿದ್ದು 1939ರಲ್ಲಿ, 180 ಮಕ್ಕಳಿಗೆ. 1951ರ ಹೊತ್ತಿಗೆ ಅಲ್ಲಿ 450ಕ್ಕೂ ಜಾಸ್ತಿ ಮಕ್ಕಳು. ದೊಡ್ಡ ಕಟ್ಟಡ ಕಟ್ಟಿಸಿಕೊಡಿ ಅಂತ ಅಪ್ಪ ಅಮ್ಮಂದಿರು ಕೇಳಿದರು. ಶಾಲಾ ಮಂಡಳಿಯವರು ಮರದ ಚೌಕಟ್ಟಿಗೆ ಟಾರು ಕಾಗದ ಹೊಡೆಸಿ ಶೆಡ್ಡು ಹಾಕಿಸಿಕೊಟ್ಟರು. ದೂರದಿಂದ ಕೋಳಿಗೂಡಿನ ಹಾಗೆ ಕಾಣುತ್ತಿದ್ದವಂತೆ. ಒಲೆಯ ಪಕ್ಕದವರಿಗೆ ಬೆವರು, ಮೂಲೆಯವರಿಗೆ ನಡುಕ. ಮಳೆ ಬಂದರೆ ಕ್ಲಾಸಿನೊಳಗೆ ಛತ್ರಿ. ಮಕ್ಕಳು ಅಲ್ಲಿ ‘ಕೂತು ಓದುತ್ತಿದ್ದರು’ ಅಂತ ನೀವು ಬರೆದಿರಿ. ಗಾಳಿ ಚೆನ್ನಾಗಿ ಬರುತ್ತಿತ್ತಾ?

ಇನ್ನೊಂದು ವಿಷಯ. ಸೋರುವ ಶೆಡ್ಡನ್ನೂ 1959ರ ಬೀಗವನ್ನೂ ಒಂದೇ ಪ್ಯಾರಾದಲ್ಲಿ ಕಲಸಿದ್ದೀರಿ. ನಡುವೆ 1953 ಇದೆ. ಆ ವರ್ಷ ಕೌಂಟಿಯವರು ಕಪ್ಪು ಮಕ್ಕಳಿಗೆ ಹೊಸ ಹೈಸ್ಕೂಲು ಕಟ್ಟಿಸಿದರು, ಬೇರೆಯಾಗಿಯೇ. ಅಂದರೆ 1959ರಲ್ಲಿ ಬೀಗ ಹಾಕಿಸಿದ್ದು ಆರು ವರ್ಷದ ಹೊಸ ಕಟ್ಟಡಕ್ಕೆ. ಇದನ್ನು ಬಿಟ್ಟರೆ ಹೇಗೆ?

ಆ ಹೊಸ ಕಟ್ಟಡ ಯಾಕೆ ಬಂತು ಅನ್ನುವ ಜಾಗದಲ್ಲಿ ನಿಮ್ಮ ಪಲ್ಲವಿ ಇದೆ: ‘ಕಾಲವೇ ಹಾಗಿತ್ತು.’ ಲೇಖನದಲ್ಲಿ ಮೂರು ಸಲ ಬರುತ್ತದೆ. ಮೂರನ್ನೂ ಹೊಡೆದುಹಾಕಿದ್ದೇನೆ. ಕಾಲ ಹಾಗಿದ್ದರೆ ಬಾರ್ಬರಾ ಜಾನ್ಸ್ ಎಲ್ಲಿಂದ ಬಂದಳು? 1951ರ ಏಪ್ರಿಲ್ 23. ಮೋಟನ್ ಹೈಸ್ಕೂಲಿನ ಹದಿನಾರರ ಹುಡುಗಿ. ನಿಮ್ಮ ಶಾಲೆಯ ಮಕ್ಕಳು ಪೇಟೆಯ ಬಸ್ ಸ್ಟೇಷನ್ನಿನಲ್ಲಿ ತೊಂದರೆಗೆ ಸಿಕ್ಕಿಕೊಂಡಿದ್ದಾರೆ ಅಂತ ಸುಳ್ಳು ಫೋನು ಮಾಡಿಸಿ ಹೆಡ್ ಮಾಸ್ಟರನ್ನು ಹೊರಗೆ ಓಡಿಸಿದಳು. ಅವರ ಹೆಸರಲ್ಲಿ ಚೀಟಿ ಬರೆದು ಎಲ್ಲಾ ಕ್ಲಾಸುಗಳನ್ನು ಹಾಲ್‌ಗೆ ಕರೆಸಿದಳು. ಮೇಷ್ಟರುಗಳನ್ನು ಆಚೆ ಹೋಗಿ ಅಂದಳು. ಇಡೀ ಶಾಲೆಯನ್ನು ಎಬ್ಬಿಸಿ ನಡೆಸಿಕೊಂಡು ಹೋದಳು. ಓಡಿಸಿದಳು, ಕರೆಸಿದಳು, ಎಬ್ಬಿಸಿದಳು. ಎಷ್ಟು ಇಸು ನೋಡಿ! ನೀವು ಬರೆದದ್ದು: ‘ಒಂದು ಮುಷ್ಕರ ನಡೆಯಿತು.’ 117 ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಬ್ರೌನ್ ತೀರ್ಪಿನಲ್ಲಿ ಒಟ್ಟು ಸೇರಿದ ಐದು ಮೊಕದ್ದಮೆಗಳಲ್ಲಿ ಇವರದೂ ಒಂದು. ಆಮೇಲೆ ಮಂಡಳಿಯವರು ಹೆಡ್ ಮಾಸ್ಟರನ್ನು ಕೆಲಸದಿಂದ ತೆಗೆದರು. ಬಾರ್ಬರಾಳ ಜೀವಕ್ಕೆ ಹೆದರಿ ಮನೆಯವರು ಅವಳನ್ನು ಅಲಬಾಮಾದ ಮಾಂಟ್‌ಗೊಮರಿಗೆ, ಸಂಬಂಧಿಕರ ಮನೆಗೆ ಕಳಿಸಿದರು. ಕಾಲ ಇದರಲ್ಲಿ ಏನು ಮಾಡಿತು ಹೇಳಿ.

ನೀವು ಯಾಕೆ ಹೀಗೆ ಬರೆದಿರಿ ಅಂತ ನನಗೊಂದು ಗುಮಾನಿ ಇದೆ. ಐದನೇ ಪುಟದಲ್ಲಿ ನಿಮ್ಮ ಪಕ್ಕದ ಮನೆಯವರು ಬರುತ್ತಾರೆ. ಅದೇ ಕೌಂಟಿಯವರು, ಆ ಖಾಸಗಿ ಶಾಲೆಯಲ್ಲೇ ಓದಿದವರು, ನೀವು ಹೊಸದಾಗಿ ಬಂದಾಗ ಆಪಲ್ ಪೈ ಮಾಡಿ ತಂದುಕೊಟ್ಟವರು. ಆ ಪೈ ನನ್ನ ಹೋಳಿಗೆಯ ತಂಗಿ. ಅವರನ್ನು ಬೈಯಿರಿ ಅಂತ ನಾನು ಹೇಳುತ್ತಿಲ್ಲ. ಆಗ ಅವರಿಗೂ ಏಳೋ ಎಂಟೋ ವರ್ಷ. ಆದರೆ ಕಾಫಿಗೆ ಕೂತಾಗ ಒಂದು ಮಾತು ಕೇಳಿನೋಡಿ: ಮನೆಯಲ್ಲಿ ಅಪ್ಪ ಅಮ್ಮ ಈ ಬಗ್ಗೆ ಏನು ಮಾತಾಡುತ್ತಿದ್ದರು? ಉತ್ತರ ಬರದಿದ್ದರೂ ಪರವಾಗಿಲ್ಲ, ಅವರು ಕಾಫಿ ಲೋಟವನ್ನು ಹೇಗೆ ಕೆಳಗಿಟ್ಟರು ಅಂತ ಬರೆಯಿರಿ.

ಎರಡನೇ ತಕರಾರು ಚಿಕ್ಕದು. ಕಣ್ಣೀರು. ಐದು ಸಲ ಎಣಿಸಿದೆ. ‘ಕಣ್ಣಂಚು ಒದ್ದೆಯಾಯಿತು’ ಎರಡು, ‘ಗಂಟಲು ಉಬ್ಬಿಬಂತು’ ಎರಡು, ‘ಮಾತು ಮೂಕವಾಯಿತು’ ಒಂದು. ಅಲ್ಲಿ ಸೇರಿದ್ದವರು ಛತ್ರಿಯ ಕತೆ ಹೇಳುತ್ತಾ ಹೊಟ್ಟೆ ಹಿಡಿದುಕೊಂಡು ನಕ್ಕರು ಅಂತ ನೀವೇ ಒಂದು ಕಡೆ ಬರೆದಿದ್ದೀರಿ. ಆ ಶಾಲೆಯನ್ನು, ಅದರ ಮೇಷ್ಟರುಗಳನ್ನು ಅವರು ಪ್ರೀತಿಯಿಂದ ನೆನೆದರು ಅಂತಲೂ ಇದೆ. ಬೇರೆ ಮಾಡಿ ಇಟ್ಟ ಶಾಲೆ ಅಂತ ಗೊತ್ತಿದ್ದೂ ಪ್ರೀತಿ. ಅಲ್ಲಿ ನಿಂತು ನೋಡಬೇಕಿತ್ತು. ನೀವು ಅವರು ನಗುತ್ತಿದ್ದಾಗಲೇ ಕರ್ಚೀಫು ತೆಗೆದಿರಿ.

‘ನಮ್ಮಲ್ಲೂ ಹೀಗೇ ಇತ್ತು’ ಅನ್ನುವ ಒಂದೂವರೆ ಸಾಲನ್ನೂ ತೆಗೆದಿದ್ದೇನೆ. ಹೀಗೇ ಇರಲಿಲ್ಲ. 1892ರಲ್ಲಿ ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತ ಮಕ್ಕಳಿಗೆ ಬೇರೆ ಶಾಲೆ ತೆರೆದರು. ತೆರೆದದ್ದಕ್ಕೆ ಅವರ ಜಾತಿಯವರೇ ಅವರನ್ನು ದೂರ ಇಟ್ಟರು. ಅದೂ ‘ಬೇರೆ ಶಾಲೆ’, ಮೋಟನ್ನೂ ‘ಬೇರೆ ಶಾಲೆ’. ಯಾರು, ಯಾಕೆ ಬೇರೆ ಮಾಡಿದರು ಅಂತ ಹೇಳದೆ ಎರಡನ್ನೂ ಒಂದು ತಕ್ಕಡಿಗೆ ಹಾಕಬಾರದು. ಅದು ಬೇಕಾದರೆ ಇನ್ನೊಂದು ಲೇಖನ ಬರೆಯಿರಿ.

ಉಳಿದ ಪುಟಗಳ ಬಗ್ಗೆ ನಾನು ಏನೂ ಹೇಳುತ್ತಿಲ್ಲ. ಕೊನೆಯ ಪದ್ಯ ಬೇಡ.

ಇನ್ನು ಆ ಶೂ. ಏಳನೇ ಪುಟ, ಅರ್ಧ ಸಾಲು. ನಿಮ್ಮನ್ನು ಕರೆದುಕೊಂಡು ಹೋದ ಆ ಹಿರಿಯ ಮಹಿಳೆಗೆ 1959ರಲ್ಲಿ ಆರು ವರ್ಷ. ಒಂದನೇ ಕ್ಲಾಸಿಗೆ ಅಂತ ಅವರಮ್ಮ ಹೊಸ ಶೂ ಕೊಂಡುತಂದು ಇಟ್ಟಿದ್ದರು. ಶಾಲೆಗಳನ್ನು ಮತ್ತೆ ತೆರೆಸಿದ್ದು 1964ರಲ್ಲಿ, ಅದೂ ಸುಪ್ರೀಂ ಕೋರ್ಟು ಗದರಿಸಿದ ಮೇಲೆ. ಅಷ್ಟರಲ್ಲಿ ಕಾಲು ಬೆಳೆದಿತ್ತು. ‘ಆ ಶೂ ಕೊನೆಗೂ ಶಾಲೆಗೆ ಹೋಗಲಿಲ್ಲವಂತೆ’ ಅಂತ ಬರೆದು, ಮುಂದಿನ ವಾಕ್ಯದಲ್ಲೇ ಮತ್ತೆ ಕಣ್ಣಂಚು ಒದ್ದೆ ಮಾಡಿಕೊಂಡಿದ್ದೀರಿ.

ಲೇಖನ ಅಲ್ಲಿಂದ ಶುರುವಾಗಲಿ. ಅವರಿಗೆ ಫೋನು ಮಾಡಿ. ಬಣ್ಣ ಯಾವುದು, ಲೇಸಿನದೋ ಬಕಲ್ಲಿನದೋ, ಐದು ವರ್ಷ ಅದನ್ನು ಮನೆಯಲ್ಲಿ ಎಲ್ಲಿ ಇಟ್ಟಿದ್ದರು, ಭಾನುವಾರ ಚರ್ಚಿಗಾದರೂ ಹಾಕಿಸಿದರಾ, ಆಮೇಲೆ ಯಾರಿಗೆ ಕೊಟ್ಟರು, ಎಲ್ಲಾ ಕೇಳಿ. ತಿಂಗಳ ಕೊನೆಯೊಳಗೆ ಕಳಿಸಿ. ಸಂಭಾವನೆ ಜಾಸ್ತಿ ಇರುವುದಿಲ್ಲ, ಮೊದಲೇ ಹೇಳಿದ್ದೇನೆ.

ಇಂತಿ,
ಸಂಪಾದಕ