ಓದುಗರ ಪ್ರಶ್ನೆ: ‘ಎಫುರು’ ಬರೆದ ಫ್ಲೋರಾ ನ್ವಾಪಾ

ನೈಜೀರಿಯಾದ ಕಾದಂಬರಿಕಾರ್ತಿ ಫ್ಲೋರಾ ನ್ವಾಪಾ ಅವರ ಬಗ್ಗೆ ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳ ಓದುಗರು ಕಳಿಸಿದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಸೆಮಿನಾರ್ ಪ್ರಬಂಧದಲ್ಲಿ ನ್ವಾಪಾ ಅವರನ್ನು ‘ಆಫ್ರಿಕಾದ ಮೊದಲ ಕಾದಂಬರಿಕಾರ್ತಿ’ ಎಂದು ಬರೆದೆ. ಮಾರ್ಗದರ್ಶಕರು ಆ ಸಾಲಿಗೆ ಕೆಂಪು ಗೆರೆ ಹಾಕಿದ್ದಾರೆ. ತಪ್ಪೇನಿದೆ?
*ಎಂ.ಎ. ವಿದ್ಯಾರ್ಥಿನಿ, ರಾಯಚೂರು*

ಗೆರೆ ಹಾಕಿದ್ದು ಸರಿಯಾಗಿಯೇ ಇದೆ. ‘ಎಫುರು’ ಲಂಡನ್ನಿನ ಹೈನಮನ್ ಪ್ರಕಾಶನದಿಂದ ಬಂದದ್ದು 1966ರಲ್ಲಿ, ಅವರ ಆಫ್ರಿಕನ್ ರೈಟರ್ಸ್ ಸೀರೀಸ್‌ನ 26ನೇ ಪುಸ್ತಕವಾಗಿ. ಅದೇ ವರ್ಷ ಕೆನ್ಯಾದ ಗ್ರೇಸ್ ಒಗೊಟ್ ಅವರ ಇಂಗ್ಲಿಷ್ ಕಾದಂಬರಿ ನೈರೋಬಿಯಲ್ಲಿ ಪ್ರಕಟವಾಯಿತು. ಘಾನಾದ ಅಮಾ ಅಟಾ ಐಡೂ ಅವರ ಪುಸ್ತಕ 1965ರದ್ದು, ಆದರೆ ಅದು ನಾಟಕ. ಹಾಗಾಗಿ ‘ಲಂಡನ್ನಿನ ಪ್ರಕಾಶನದಿಂದ ಇಂಗ್ಲಿಷ್ ಕಾದಂಬರಿ ಹೊರತಂದ ಮೊದಲ ಕಪ್ಪು ಆಫ್ರಿಕನ್ ಮಹಿಳೆ’ ಎಂದು ಬರೆಯಿರಿ. ಸಾಲು ಉದ್ದವಾದರೂ ಯಾರೂ ಅಲುಗಾಡಿಸಲಾರರು.

ವರ್ಷಗಳ ವಿಷಯದಲ್ಲಿ ಇನ್ನೊಂದು ಎಚ್ಚರ. ‘ನೆವರ್ ಅಗೇನ್’, ‘ಒನ್ ಈಸ್ ಇನಫ್’, ‘ವಿಮೆನ್ ಆರ್ ಡಿಫರೆಂಟ್’ ಇವೆಲ್ಲ ನಮ್ಮ ಗ್ರಂಥಾಲಯಗಳಲ್ಲಿ ಸಿಕ್ಕರೆ ಸಾಮಾನ್ಯವಾಗಿ ಅಮೆರಿಕದ ಆಫ್ರಿಕಾ ವರ್ಲ್ಡ್ ಪ್ರೆಸ್ಸಿನ ಪ್ರತಿಗಳು, ಒಳಪುಟದಲ್ಲಿ 1992 ಎಂದಿರುತ್ತದೆ. ಅದು ಮರುಮುದ್ರಣದ ವರ್ಷ. ಮೊದಲ ಮುದ್ರಣಗಳು ಕ್ರಮವಾಗಿ 1975, 1981, 1986. 1992 ಎಂದೇ ಹಿಡಿದುಕೊಂಡರೆ ಲೇಖಕಿ ಬಿಯಾಫ್ರಾ ಯುದ್ಧ (ನೈಜೀರಿಯಾದಿಂದ ಬೇರೆಯಾಗಲು ಹೊರಟ ಪೂರ್ವ ಭಾಗದ ಅಂತರ್ಯುದ್ಧ) ಮುಗಿದು ಇಪ್ಪತ್ತೆರಡು ವರ್ಷ ಸುಮ್ಮನಿದ್ದು ಆಮೇಲೆ ಅದರ ಕಾದಂಬರಿ ‘ನೆವರ್ ಅಗೇನ್’ ಬರೆದರು ಎಂದಾಗುತ್ತದೆ. ನಿಜದಲ್ಲಿ ಐದೇ ವರ್ಷಕ್ಕೆ ಬರೆದು ಪ್ರಕಟಿಸಿದ್ದರು.

ಪ್ರಶ್ನೆ: ಪಾಠದ ಮೊದಲು ಮಕ್ಕಳಿಗೆ ಹೇಳುವಷ್ಟು ಜೀವನ ವಿವರ ಕೊಡಿ.
*ಉಪನ್ಯಾಸಕರು, ಸಿಂಧನೂರು*

ಹುಟ್ಟಿದ್ದು 1931ರ ಜನವರಿ 13ರಂದು, ಪೂರ್ವ ನೈಜೀರಿಯಾದ ಒಗುಟಾದಲ್ಲಿ. ದೊಡ್ಡ ಸರೋವರದ ದಂಡೆಯ ಊರು, ಇಗ್ಬೊ ಭಾಷೆಯ ಜನ. ಅಲ್ಲಿ ಹೆಂಗಸರು ವ್ಯಾಪಾರ ಮಾಡುವುದು ಹಿಂದಿನಿಂದ ಬಂದದ್ದು. ದುಡ್ಡು ಅವರ ಕೈಯಲ್ಲೇ ಓಡಾಡುತ್ತಿತ್ತು. ಇದನ್ನು ಮೊದಲೇ ಹೇಳಿಬಿಡಿ, ಮುಂದಿನದೆಲ್ಲ ಅದರ ಮೇಲೆ ನಿಂತಿದೆ. ಇಬಾದಾನಿನಲ್ಲಿ 1957ರಲ್ಲಿ ಬಿ.ಎ., ಮರುವರ್ಷ ಎಡಿನ್‌ಬರೋದಲ್ಲಿ ಶಿಕ್ಷಣದ ಡಿಪ್ಲೊಮಾ. ಎನುಗುವಿನ ಶಾಲೆಯಲ್ಲಿ ಪಾಠ ಹೇಳಿದರು, 1962ರಿಂದ ಲೇಗೋಸ್ ವಿಶ್ವವಿದ್ಯಾಲಯದಲ್ಲಿ ಸಹಾಯಕ ಕುಲಸಚಿವರಾಗಿದ್ದರು. ಆ ವರ್ಷವೇ ‘ಎಫುರು’ ಹಸ್ತಪ್ರತಿಯನ್ನು ಕಾದಂಬರಿಕಾರ ಚಿನುವಾ ಅಚೆಬೆ ಅವರಿಗೆ ಕಳಿಸಿದರು. ಅಚೆಬೆ ಮೆಚ್ಚಿ ಪತ್ರ ಬರೆದದ್ದಲ್ಲದೆ, ಹೈನಮನ್‌ಗೆ ಕಳಿಸಲು ಅಂಚೆ ಖರ್ಚಿನ ಹಣವನ್ನೂ ಜೊತೆಗಿಟ್ಟರು.

1967ರಲ್ಲಿ ಮದುವೆ, ಅದೇ ವರ್ಷ ಬಿಯಾಫ್ರಾ ಯುದ್ಧ. 1970ರ ಜನವರಿಯಲ್ಲಿ ಯುದ್ಧ ಮುಗಿದ ಮೇಲೆ ಈಸ್ಟ್ ಸೆಂಟ್ರಲ್ ರಾಜ್ಯದ ಆರೋಗ್ಯ ಮತ್ತು ಸಮಾಜ ಕಲ್ಯಾಣದ ಹೊಣೆ ಹೊತ್ತರು. ಯುದ್ಧದಲ್ಲಿ ತಬ್ಬಲಿಯಾದ ಮಕ್ಕಳಿಗೆ ನೆಲೆ ಹುಡುಕುವ ಕೆಲಸ ಆಗ ಅವರ ಪಾಲಿಗಿತ್ತು. ಆಮೇಲೆ 1974ರವರೆಗೆ ಭೂಮಿ ಮತ್ತು ನಗರಾಭಿವೃದ್ಧಿ ಖಾತೆ. 1993ರ ಅಕ್ಟೋಬರ್ 16ರಂದು ಎನುಗುವಿನಲ್ಲಿ ನ್ಯುಮೋನಿಯಾದಿಂದ ತೀರಿಕೊಂಡರು. ವಯಸ್ಸು 62. ‘ದಿ ಲೇಕ್ ಗಾಡೆಸ್’ ಕಾದಂಬರಿ ಆಗ ಹಸ್ತಪ್ರತಿಯಲ್ಲೇ ಇತ್ತು.

ಪ್ರಶ್ನೆ: ನಮ್ಮ ಓದು ಬಳಗದಲ್ಲಿ ‘ಎಫುರು’ ಹಿಡಿದಿದ್ದೇವೆ. ಪುಟ ತಿರುವಿದರೆ ಬರೀ ಮಾತು, ಮಾತು. ಅರ್ಧಕ್ಕೇ ನಾಲ್ಕು ಜನ ಬಿಟ್ಟರು. ಹೇಗೆ ಓದಬೇಕು?
*ಓದು ಬಳಗದ ಸಂಚಾಲಕಿ, ಗಂಗಾವತಿ*

ಬಿಟ್ಟವರನ್ನು ಮತ್ತೆ ಕರೆಯಿರಿ. ಪುಸ್ತಕ ಬಂದ ಹೊಸತರಲ್ಲಿ ವಿಮರ್ಶಕರು ಕೂಡ ಇದೇ ದೂರು ಹೇಳಿದ್ದರು, ಹೆಂಗಸರ ಹರಟೆ ಎಂದು ಪಕ್ಕಕ್ಕಿಟ್ಟರು. ನಮ್ಮ ಖಚಿತ ಅಭಿಪ್ರಾಯ: ಆ ಮಾತು ತೆಗೆದರೆ ಕಾದಂಬರಿಯೇ ಉಳಿಯುವುದಿಲ್ಲ. ನಾಯಕಿ ಎಫುರುವಿಗೆ ಏನಾಯಿತು ಎಂಬುದಕ್ಕಿಂತ, ಆದದ್ದನ್ನು ಊರು ಹೇಗೆ ತೂಗಿತು ಎಂಬುದು ಇಲ್ಲಿ ಮುಖ್ಯ.

ಓದುವಾಗ ಆಗುವ ತೊಂದರೆ ಒಂದೇ. ಬಾವಿಕಟ್ಟೆಯ ಮಾತನ್ನು ಲೇಖಕಿಯ ತೀರ್ಪು ಎಂದು ತಿಳಿದುಬಿಡುತ್ತೇವೆ. ‘ಮಕ್ಕಳಿಲ್ಲದ ಹೆಂಡತಿ ಗಂಡಸಿನ ಹಾಗೆ’ ಎಂಬ ಧಾಟಿಯ ಮಾತು ಬಂದಾಗ ಹೇಳಿದವಳು ಯಾರು, ಅವಳಿಗೂ ಎಫುರುವಿಗೂ ಸಾಲದ ಲೆಕ್ಕ ಇದೆಯೇ, ಎಫುರು ಎದುರಿಗಿದ್ದಾಳೆಯೇ ಎಂದು ನೋಡಿ. ನೋಟ್‌ಬುಕ್ಕಿನಲ್ಲಿ ಮೂರು ಕಾಲಂ ಎಳೆಯಿರಿ: ಮಾತಾಡಿದವರು, ಯಾರ ಬಗ್ಗೆ, ಅವರ ಎದುರಿಗೋ ಹಿಂದಿನಿಂದಲೋ. ಬಳಗ ಕೂತಾಗ ಇಬ್ಬರು ಮೂವರು ಪಾತ್ರ ಹಂಚಿಕೊಂಡು ಗಟ್ಟಿಯಾಗಿ ಓದಲಿ. ಮನಸ್ಸಿನಲ್ಲಿ ಓದಿದರೆ ಯಾರ ಮಾತು ಎಂಬುದು ತಪ್ಪಿಹೋಗುತ್ತದೆ.

ನಾಲ್ಕು ಕೂಟಕ್ಕೆ ಹಂಚಿ. ಮೊದಲನೆಯದು ಅಡಿಜುವಾ ಜೊತೆಗಿನ ಮದುವೆ. ತೆರ ಕೊಡಲು ಗಂಡಿನ ಕೈಯಲ್ಲಿ ಹಣವಿಲ್ಲ; ಅವಳು ಹಾಗೆಯೇ ಹೊರಟು ಬರುತ್ತಾಳೆ, ಮುಂದೆ ಇಬ್ಬರೂ ದುಡಿದು ತೆರ ಕಟ್ಟುತ್ತಾರೆ. ಹೊಲಕ್ಕೆ ಹೋಗುವುದಿಲ್ಲ, ವ್ಯಾಪಾರ ಮಾಡುತ್ತೇನೆ ಎಂದು ಅವಳು ಖಡಾಖಂಡಿತ ಹೇಳುವುದೂ ಇಲ್ಲೇ. ಶುರುವಿನಲ್ಲೇ ಹೆಣ್ಣಿನ ಸುನ್ನತಿಯ ಪ್ರಸಂಗವಿದೆ, ಬಳಗಕ್ಕೆ ಮುಂಚೆ ತಿಳಿಸಿಡಿ. ಎರಡನೆಯದು ಗಂಡ ಬಿಟ್ಟುಹೋಗುವುದು, ಮಗಳು ಒಗೊನಿಮ್ ಸಾಯುವುದು. ಇಲ್ಲಿ ಅತ್ತೆ ಒಸ್ಸಾಯಿಯನ್ನು ಗಮನಿಸಿ: ಅವಳ ಗಂಡನೂ ಹೀಗೇ ಹೋಗಿದ್ದ, ಅವಳು ಕಾಯುತ್ತ ಕೂತಳು. ಸೊಸೆ ಕಾಯುವುದಿಲ್ಲ. ಮೂರನೆಯದು ತವರು ಮತ್ತು ಸರೋವರದ ದೇವಿ ಉಹಮಿರಿಯ ಕನಸು. ನಾಲ್ಕನೆಯದು ಎರಡನೇ ಗಂಡ ಗಿಲ್ಬರ್ಟ್. ಅವನು ಎಫುರುವಿನ ಮೇಲೆ ಹಾದರದ ಆರೋಪ ಹೊರಿಸುತ್ತಾನೆ, ಎದುರು ಮಾತಾಡಿದ, ಒಸ್ಸಾಯಿಯ ಸೋದರಿ ಅಜಾನುಪುವಿನ ಕೆನ್ನೆಗೆ ಹೊಡೆಯುತ್ತಾನೆ, ಅವಳು ಒನಕೆ ಎತ್ತಿ ಅವನ ತಲೆಗೆ ಬಾರಿಸುತ್ತಾಳೆ. ಇಡೀ ಪುಸ್ತಕದಲ್ಲಿ ಮಾತು ನಿಂತು ಕೈ ಎದ್ದ ದೊಡ್ಡ ಘಳಿಗೆ ಇದು.

ಇನ್ನೊಂದು ಹಾಳೆಯಲ್ಲಿ ಎಫುರುವಿನ ಜಮಾ-ಖರ್ಚು ಬರೆದುಕೊಳ್ಳಿ. ಯಾರಿಗೆ ಸಾಲ ಕೊಟ್ಟಳು, ಯಾರು ಮುಳುಗಿಸಿದರು, ಯಾರನ್ನು ಡಾಕ್ಟರ ಹತ್ತಿರ ಕರೆದೊಯ್ದಳು. ಅವಳಿಗೆ ಊರಿನಲ್ಲಿ ಇರುವ ತೂಕ ಎಲ್ಲಿಂದ ಬಂತು ಎಂಬುದು ಆ ಹಾಳೆಯಲ್ಲಿ ಕಾಣುತ್ತದೆ. ಎಕೆ, ಒರಿಯೆ, ಅಫೊ, ಎನ್ಕ್ವೊ ಎಂಬ ಹೆಸರುಗಳು ಬಂದರೆ ಅವು ವಾರದ ದಿನಗಳು. ಇಗ್ಬೊ ವಾರಕ್ಕೆ ನಾಲ್ಕೇ ದಿನ, ಸಂತೆಯ ಲೆಕ್ಕ ಅದರ ಮೇಲೆ.

ಪ್ರಶ್ನೆ: ಉಹಮಿರಿಯನ್ನು ನಮ್ಮ ಹುಲಿಗೆಮ್ಮನಿಗೆ ಹೋಲಿಸಬಹುದೇ?
*ಓದುಗರು, ಮುನಿರಾಬಾದ್*

ನೀರಿನ ದಂಡೆಯ ದೇವಿ, ಹೆಂಗಸರ ಹರಕೆ, ಅಷ್ಟಕ್ಕೆ ಹೋಲಿಕೆ ನಿಲ್ಲಿಸಿ. ದೇವಿಗೆ ಬಿಡುವ ಪದ್ಧತಿಯನ್ನು ಅಲ್ಲಿಗೆ ಒಯ್ಯಬೇಡಿ. ಉಹಮಿರಿ ಆರಿಸಿದ ಹೆಂಗಸು ಸಂಸಾರ, ವ್ಯಾಪಾರ ಎರಡನ್ನೂ ನಡೆಸುತ್ತಾಳೆ. ಒರಿಯೆ ದಿನ ಮಾತ್ರ ಬಿಳಿ ಬಟ್ಟೆ ಉಟ್ಟು, ಯಾಮ್ ಗಡ್ಡೆ ತಿನ್ನದೆ, ಗಂಡನಿಂದ ದೂರ ಮಲಗಬೇಕು. ಈ ದೇವಿ ಐಶ್ವರ್ಯ, ಚೆಲುವು ಕೊಡುತ್ತಾಳೆ, ಮಕ್ಕಳನ್ನು ಕೊಡುವುದಿಲ್ಲ. ತಾಯ್ತನದ ಸುಖವನ್ನೇ ಕಾಣದ ಈ ದೇವಿಯನ್ನು ಹೆಂಗಸರು ಯಾಕೆ ಪೂಜಿಸುತ್ತಾರೆ ಎಂಬ ಪ್ರಶ್ನೆಗೇ ಕಾದಂಬರಿ ನಿಲ್ಲುತ್ತದೆ. ಅದನ್ನೇ ಎತ್ತಿಕೊಂಡು ನೈಜೀರಿಯಾದ ಇನ್ನೊಬ್ಬ ಲೇಖಕಿ ಬುಚಿ ಎಮೆಚೆಟಾ 1979ರ ತಮ್ಮ ಕಾದಂಬರಿಗೆ ‘ದಿ ಜಾಯ್ಸ್ ಆಫ್ ಮದರ್‌ಹುಡ್’ ಎಂದು ಹೆಸರಿಟ್ಟರು.

ಪ್ರಶ್ನೆ: ಲಂಡನ್ ಪ್ರಕಾಶಕರೇ ಸಿಕ್ಕಿದ್ದಾಗ ಸ್ವಂತ ಪ್ರೆಸ್ ಯಾಕೆ? ನಾನೂ ಮುದ್ರಣದವನು, ಅದಕ್ಕೆ ಕೇಳಿದೆ.
*ಮುದ್ರಕರು, ಬಳ್ಳಾರಿ*

ಹೈನಮನ್ ತಂದದ್ದು ‘ಎಫುರು’ ಮತ್ತು 1970ರ ‘ಇಡೂ’ ಎರಡನ್ನೇ. ಮುಂದಿನ ಕಥಾಸಂಕಲನ ಮತ್ತು ಯುದ್ಧದ ಕಾದಂಬರಿ ಎನುಗುವಿನ ಪ್ರಕಾಶಕರಿಂದ ಬಂದವು. ಸಚಿವ ಸ್ಥಾನ ಬಿಟ್ಟ ಮೇಲೆ, 1970ರ ದಶಕದಲ್ಲೇ, ಟಾನಾ ಪ್ರೆಸ್ ಮತ್ತು ಫ್ಲೋರಾ ನ್ವಾಪಾ ಬುಕ್ಸ್ ಕಟ್ಟಿದರು. ದೊಡ್ಡವರ ಪುಸ್ತಕಗಳ ಜೊತೆಗೆ ಅಲ್ಲಿನ ಮಕ್ಕಳು ತಮ್ಮೂರನ್ನೇ ಕಾಣುವಂಥ ಮಕ್ಕಳ ಪುಸ್ತಕಗಳನ್ನೂ ತಂದರು. ಬರೆಯುವುದು, ಅಚ್ಚು ಹಾಕಿಸುವುದು, ಮಾರುವುದು ಮೂರೂ ಒಬ್ಬರದೇ. ಒಗುಟಾದ ವ್ಯಾಪಾರಿ ಹೆಂಗಸಿನ ಕಸುಬನ್ನು ಅವರು ಪುಸ್ತಕಕ್ಕೆ ತಂದರು ಎಂದೇ ನಾವು ತಿಳಿಯುತ್ತೇವೆ.

ಕಷ್ಟ ಬಂದದ್ದು ಅಚ್ಚಿನಲ್ಲಲ್ಲ, ಹಂಚಿಕೆಯಲ್ಲಿ. ಲಂಡನ್ ಸರಣಿಯ ಪುಸ್ತಕ ದೇಶ ದೇಶದ ಕಾಲೇಜಿಗೆ ಹೋಗುತ್ತಿತ್ತು. ಎನುಗುವಿನ ಪುಸ್ತಕವನ್ನು ಹೊರಗೆ ಒಯ್ಯುವ ವಿತರಕರಿರಲಿಲ್ಲ. 1980ರ ದಶಕದಲ್ಲಿ ತೈಲದ ಬೆಲೆ ಕುಸಿದು, 1986ರಲ್ಲಿ ಅಲ್ಲಿನ ನಾಣ್ಯ ನೈರಾದ ಬೆಲೆಯೂ ಇಳಿದಾಗ ಹೊರದೇಶದಿಂದ ತರುವ ಕಾಗದ, ಶಾಯಿ ದುಬಾರಿಯಾದವು. ಹೊರಗಿನ ವಿಮರ್ಶಕರು ಸಿಕ್ಕ ಒಂದೆರಡು ಪುಸ್ತಕ ಓದಿ ಅವರ ಮೇಲೆ ತೀರ್ಪು ಕೊಟ್ಟರು. ಗಂಡನ ಮನೆ ಬಿಟ್ಟು ಲೇಗೋಸಿನಲ್ಲಿ ಗುತ್ತಿಗೆದಾರಳಾಗಿ, ಅವಳಿ ಮಕ್ಕಳಾದ ಮೇಲೂ ಮದುವೆ ಒಲ್ಲೆ ಎನ್ನುವ ‘ಒನ್ ಈಸ್ ಇನಫ್’ ಕಾದಂಬರಿಯ ಅಮಾಕಾ ಇಂದಿಗೂ ಪಠ್ಯಗಳಲ್ಲಿ ಕಾಣಸಿಗುವುದು ಅಪರೂಪ. ಇದು ನಮಗೆ ಬೇಸರದ ಸಂಗತಿ.

ಪ್ರಶ್ನೆ: ಅವರು ಭತ್ತದ ಬಗ್ಗೆ ಪದ್ಯ ಬರೆದದ್ದು ನಿಜವೇ?
*ರೈತರು, ಸಿರುಗುಪ್ಪ*

ನಿಜ. ‘ಕಸಾವಾ ಸಾಂಗ್ ಅಂಡ್ ರೈಸ್ ಸಾಂಗ್’, 1986. ಕಸಾವಾ ಎಂದರೆ ಮರಗೆಣಸು. ತೈಲದ ಹಣ ಬಂದ ಮೇಲೆ ನೈಜೀರಿಯಾದ ಪೇಟೆಗಳಲ್ಲಿ ಹೊರದೇಶದ ಅಕ್ಕಿ ತುಂಬಿಕೊಂಡಿತ್ತು. ಪದ್ಯ ಮರಗೆಣಸಿನ ಪರ. ಅಕ್ಕಿ ಬೆಳೆಯುವ ನಮ್ಮ ಕಾಲುವೆ ಸೀಮೆಯಲ್ಲಿ ಓದುವಾಗ ಅಕ್ಕಿ ಆಗ ಅಲ್ಲಿ ಹೊರಗಿನಿಂದ ತರಿಸಿದ, ಸಿರಿವಂತರ ಊಟವಾಗಿತ್ತು ಎಂಬುದು ನೆನಪಿರಲಿ.

ಪ್ರಶ್ನೆ: ‘ಎಫುರು’ವನ್ನು ಕನ್ನಡಕ್ಕೆ ತರುವ ಆಸೆ ಇದೆ. ಅನುಮತಿ ಬೇಕೇ?
*ಶಿಕ್ಷಕಿ, ಕುಷ್ಟಗಿ*

ಬೇಕು. ಭಾರತದ ಕಾಯ್ದೆಯಂತೆ ಲೇಖಕರು ತೀರಿದ ಮರುವರ್ಷದಿಂದ 60 ವರ್ಷ ಹಕ್ಕು ಉಳಿಯುತ್ತದೆ. ಇವರದು 2053ರ ಕೊನೆಯವರೆಗೆ. ವಿಮರ್ಶೆಯಲ್ಲಿ ಕೆಲವು ಸಾಲು ಉದ್ಧರಿಸಲು ತೊಂದರೆಯಿಲ್ಲ, ಇಡೀ ಅನುವಾದ ಅಚ್ಚು ಹಾಕಲು ಹಕ್ಕುದಾರರ ಲಿಖಿತ ಒಪ್ಪಿಗೆ ಇರಲೇಬೇಕು. ಈಗ ಮಾರಾಟದಲ್ಲಿರುವ ಆವೃತ್ತಿಯ ಪ್ರಕಾಶಕರಿಗೆ ಮೊದಲು ಬರೆಯಿರಿ. ಅವರ ಬಳಿ ಅನುವಾದದ ಹಕ್ಕು ಇಲ್ಲದಿದ್ದರೆ ಕುಟುಂಬದ ವಿಳಾಸ ಕೇಳಿ. ಪತ್ರದಲ್ಲಿ ಭಾಷೆ ಕನ್ನಡ, ಎಷ್ಟು ಪ್ರತಿ, ಮುದ್ರಿತ ಮಾತ್ರವೋ ಇ-ಪುಸ್ತಕವೂ ಸೇರಿಯೋ, ಎಷ್ಟು ವರ್ಷಕ್ಕೆ, ಗೌರವಧನ ಎಷ್ಟು ಎಂಬ ಐದೂ ಇರಲಿ. ಒಪ್ಪಿಗೆ ಬರುವ ಮುಂಚೆ ಪುಸ್ತಕ ಪೂರ್ತಿ ಮುಗಿಸಿ ಡಿಟಿಪಿಗೆ ಕೊಡಬೇಡಿ. ಮಾದರಿಗೆ ಒಂದು ಅಧ್ಯಾಯ ಸಾಕು. ಅದು ಅಜಾನುಪು ಮಾತಾಡುವ ಅಧ್ಯಾಯವಾಗಿರಲಿ.