ಅಪ್ಪನ ಜಾಗ ಮಾರಿಸಬೇಡ ತಮ್ಮಾ

ನೀನು ಕೇಳಿದ್ದು ಇಷ್ಟು. ಕಾರವಾರ ಬಿಟ್ಟು ಅಮೆರಿಕದ ಓಹಾಯೋಗೆ ಬಂದು ಎಂಟು ತಿಂಗಳಾಯಿತು, ಎಚ್-1ಬಿ ಕೆಲಸದ ವೀಸಾ ಇದೆ, ಒಂದು ಮನೆ ತಗೊಂಡು ಬಾಡಿಗೆಗೆ ಬಿಡಬೇಕು. ಅಂಕೋಲಾದ ಹತ್ತಿರ ಇರುವ ಜಾಗ ಮಾರಿ ಹಣ ಕಳಿಸುತ್ತೇನೆ ಎಂದು ಅಪ್ಪ ಹೇಳಿದ್ದಾರೆ. ಸಾಲ ಸಿಗುತ್ತದಾ, ಯಾರನ್ನು ನಂಬಲಿ?

ಮೊದಲು ಅಪ್ಪನಿಗೆ ಫೋನ್ ಮಾಡಿ ಜಾಗ ಮಾರುವುದು ಬೇಡ ಅನ್ನು. ಬಾಡಿಗೆಗೆ ಬಿಡುವ ಮನೆಗೆ ನಾವು ಮೊದಲೇ ಕೈಯಿಂದ ಹಾಕುವ ಡೌನ್ ಪೇಮೆಂಟ್‌ಗೆ ಬೇರೆಯವರು ಉಡುಗೊರೆಯಾಗಿ ಕೊಟ್ಟ ಹಣ ನಡೆಯುವುದಿಲ್ಲ. ಬ್ಯಾಂಕುಗಳಿಂದ ಮನೆಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಸಂಸ್ಥೆಯ ನಿಯಮ ಹಾಗಿದೆ, ಸಾಮಾನ್ಯ ಸಾಲ ಕೊಡುವ ಹೆಚ್ಚಿನ ಬ್ಯಾಂಕುಗಳು ಅದನ್ನೇ ಅನುಸರಿಸುತ್ತವೆ. ಮನೆ ಬೆಲೆಯ ಕಡಿಮೆಯೆಂದರೂ 15% ನಿನ್ನದೇ ಹಣ ಇರಬೇಕು. ಜಾಗ ಮಾರಿದ ಮೇಲೆ ಈ ವಿಷಯ ಗೊತ್ತಾದರೆ ಅಪ್ಪನ ಮುಖ ಹೇಗೆ ನೋಡುತ್ತೀಯಾ?

ನಾವೇ ವಾಸ ಮಾಡುವ ಮನೆಗಾದರೆ ಉಡುಗೊರೆ ಹಣ ನಡೆಯುತ್ತದೆ. ಅದೂ ಸಲೀಸಲ್ಲ. 2016ರಲ್ಲಿ ನಾನು ಮನೆ ತಗೊಳ್ಳುವಾಗ ಶಿರಸಿಯಿಂದ ಅಪ್ಪ ಆ ವರ್ಷದ ಅಡಿಕೆ ಹಣ ಕಳಿಸಿದ್ದರು. ಸಾಲ ಕೊಡುವವರು ನನ್ನ ಸ್ಟೇಟ್‌ಮೆಂಟಿನಲ್ಲಿ ಆ ಒಂದೇ ಸಾಲಿಗೆ ಹಳದಿ ಬಳಿದು ವಾಪಸ್ ಕಳಿಸಿದರು. ಇದು ಎಲ್ಲಿಂದ ಬಂತು? ಇದು ಸಾಲವಲ್ಲ, ವಾಪಸ್ ಕೇಳುವುದಿಲ್ಲ ಎಂದು ಅಪ್ಪ ಬರೆದು ಸಹಿ ಹಾಕಬೇಕಾಯಿತು. ಪಾಸ್‌ಬುಕ್ಕಿನ ಪುಟ, ಹಣ ಕಳಿಸಿದ ರಸೀದಿ, ಅಡಿಕೆ ಮಾರಿದ ಪಟ್ಟಿ ಎಲ್ಲ ಕೇಳಿದರು. ಪಟ್ಟಿ ಕನ್ನಡದಲ್ಲಿತ್ತು. ಚಾಲಿ ಅಂದರೇನು, ರಾಶಿ ಅಂದರೇನು ಎಂದು ಇಂಗ್ಲಿಷಿನಲ್ಲಿ ಬರೆದು ಕೊಟ್ಟೆ. ಅಪ್ಪ ಆ ಮಳೆಯಲ್ಲಿ ನಾಲ್ಕು ಸಲ ಪೇಟೆಗೆ ಓಡಾಡಿದರು. ನಮ್ಮೂರ ಸೊಸೈಟಿಯಲ್ಲಿ ಇಂಥವರ ಮಗ ಅಂದರೆ ಅರ್ಧ ಕೆಲಸ ಆದ ಹಾಗೆ. ಇಲ್ಲಿ ನಿನ್ನ ಪರವಾಗಿ ಮಾತಾಡುವುದು ಕಾಗದ ಮಾತ್ರ.

ಆ ಕಾಗದವನ್ನು ಈಗಿನಿಂದಲೇ ಕಟ್ಟು. ಸಾಲ ಸರಿಯಾಗಿ ತೀರಿಸುತ್ತೀಯಾ ಎಂದು ಅಳೆಯುವ ಕ್ರೆಡಿಟ್ ಸ್ಕೋರ್ 300ರಿಂದ 850ರವರೆಗೆ ಇರುತ್ತದೆ. ಒಂದು ಖಾತೆಯಾದರೂ ಆರು ತಿಂಗಳು ಹಳೆಯದಾಗದೆ ಸಾಮಾನ್ಯವಾಗಿ ಸ್ಕೋರೇ ಬರುವುದಿಲ್ಲ. ಇನ್ನೂ ಕಾರ್ಡ್ ಇಲ್ಲದಿದ್ದರೆ ಠೇವಣಿ ಇಟ್ಟು ಕೊಡುವ ಸೆಕ್ಯೂರ್ಡ್ ಕಾರ್ಡ್ ತಗೋ, ಮಿತಿಯಲ್ಲಿ ಸ್ವಲ್ಪವೇ ಬಳಸು, ತಿಂಗಳು ತಿಂಗಳು ಪೂರ್ತಿ ಕಟ್ಟು. ಬೆಂಗಳೂರಿನ ಕೆಲಸದ ಅನುಭವ ಪತ್ರ ಎತ್ತಿಡು, ಎರಡು ವರ್ಷದ ಕೆಲಸದ ಲೆಕ್ಕ ಕೇಳಿದಾಗ ಅದು ಉಪಯೋಗಕ್ಕೆ ಬರಬಹುದು. ದೊಡ್ಡ ಕಾರು ಮಾತ್ರ ಈಗ ಬೇಡ. ತೆರಿಗೆಗೆ ಮುಂಚಿನ ಸಂಬಳದಲ್ಲಿ ನಿನ್ನ ಕಂತುಗಳೆಲ್ಲ ಸೇರಿ ಎಷ್ಟು ಪಾಲು ಎಂದು ನೋಡುತ್ತಾರೆ. ಅದು 43% ಒಳಗಿದ್ದರೆ ಒಳ್ಳೆಯದು. ಕಾರಿನ ಕಂತೇ ಅರ್ಧ ತಿಂದುಬಿಟ್ಟರೆ ಮನೆಗೆ ಏನು ಉಳಿಯುತ್ತದೆ ಹೇಳು.

3.5% ಕಟ್ಟಿದರೆ ಸಾಕು, ಸರ್ಕಾರದ ವಿಮೆ ಇರುವ ಎಫ್‌ಎಚ್‌ಎ ಸಾಲ ತಗೋ ಎಂದು ಯಾರಾದರೂ ಹೇಳಬಹುದು. 2025ರ ಮೇ 25ರಿಂದ ನಮ್ಮಂಥ ವೀಸಾದವರಿಗೆ ಅದು ಮುಚ್ಚಿದೆ. ನನ್ನ ಸಲಹೆ ಕೇಳಿದರೆ, ಒಂದೆರಡು ವರ್ಷ ಬಿಟ್ಟು ಡ್ಯೂಪ್ಲೆಕ್ಸ್, ಅಂದರೆ ಎರಡು ಸಂಸಾರಕ್ಕೆ ಬೇರೆ ಬೇರೆ ಭಾಗ ಇರುವ ಮನೆ, ನೋಡು. ಒಂದು ಭಾಗದಲ್ಲಿ ನೀನಿರು, ಇನ್ನೊಂದನ್ನು ಬಾಡಿಗೆಗೆ ಬಿಡು. ನೀನೇ ವಾಸ ಇರುತ್ತೀ ಅಂದರೆ ಸಾಮಾನ್ಯ ಸಾಲದಲ್ಲೂ 5%ಗೆ ಸಿಗುವ ದಾರಿ ಇದೆ. ಆದರೆ ಒಂದು ವರ್ಷವಾದರೂ ನಿಜವಾಗಿ ಅಲ್ಲೇ ಇರಬೇಕು. ಸುಮ್ನೆ ಬರೆದುಕೊಟ್ಟು ಬೇರೆ ಕಡೆ ಇದ್ದರೆ ಅದು ಮೋಸವಾಗುತ್ತದೆ.

ಇನ್ನು ಜನ. ಇಲ್ಲಿ ನಾನು ಪೆಟ್ಟು ತಿಂದಿದ್ದೇನೆ, ಅದಕ್ಕೇ ಜಾಸ್ತಿ ಹೇಳುತ್ತೇನೆ. ಮನೆ ತೋರಿಸಿದ ಏಜೆಂಟ್ ಹೇಳಿದವನನ್ನೇ ತಪಾಸಣೆಗೆ ಕರೆದೆ. ಮುಕ್ಕಾಲು ಗಂಟೆಯಲ್ಲಿ ಮುಗಿಸಿ ಹೋದ. ಬೇಸ್‌ಮೆಂಟಿನಲ್ಲಿ ಗೋಡೆಗೆ ಒತ್ತಿ ಪೆಟ್ಟಿಗೆಗಳನ್ನು ಪೇರಿಸಿದ್ದರು, ಅವನ್ನು ಸರಿಸಿಯೂ ನೋಡಲಿಲ್ಲ. ಮುಂದಿನ ಏಪ್ರಿಲ್ ಮಳೆಗೆ ಹಿಮ್ಮಡಿ ಮುಳುಗುವಷ್ಟು ನೀರು. ಪೆಟ್ಟಿಗೆಗಳಿದ್ದ ಕಡೆ ಗೋಡೆಗುಂಟ ಬಿಳಿ ಉಪ್ಪಿನ ಗೆರೆ ಕಾಣಿಸಿತು. ನಿಮ್ಮ ಕಡೆ ಚಿರೆಕಲ್ಲಿನ ಗೋಡೆಗೆ ನೀರು ಏರಿದಾಗ ಬರುತ್ತದಲ್ಲ, ಥೇಟ್ ಹಾಗೇ. ಕಾರವಾರದವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಹಾಗಾಗಿ ನೀನೇ ಜೊತೆಗೆ ಹೋಗಿ ನಿಂತುಕೋ. ಎರಡನೇ ಮನೆಗೆ ನಾನೇ ಹುಡುಕಿದವನು ಮೂರು ಗಂಟೆ ತಗೊಂಡ. ಟಾರ್ಚ್ ಹಿಡಿದು ಮಾಡಿನ ಕೆಳಗೆ ತೆವಳಿದ, ನಲ್ಲಿಗಳನ್ನೆಲ್ಲ ಬಿಟ್ಟು ಕೆಳಗೆ ಹೋಗಿ ಕಾದ.

ಏಜೆಂಟ್ ಮನೆ ತೋರಿಸುವ ಮೊದಲೇ ಒಪ್ಪಂದಕ್ಕೆ ಸಹಿ ಕೇಳುತ್ತಾರೆ. 2024ರ ಆಗಸ್ಟಿನಿಂದ ಹಾಗಾಗಿದೆ, ಹೆದರಬೇಡ. ಅವರ ಶುಲ್ಕ ಎಷ್ಟು, ಒಪ್ಪಂದ ಎಷ್ಟು ತಿಂಗಳು ಎಂದು ಓದು, ಚೌಕಾಸಿ ಮಾಡು. ಸಾಲ ಕೊಡಿಸುವವರ ನೋಂದಣಿಯ ಎನ್‌ಎಂಎಲ್‌ಎಸ್ ನಂಬರ್ ಕೇಳಿ ಆನ್‌ಲೈನಿನಲ್ಲಿ ನೋಡು. ನಮ್ಮ ಭಾಷೆ ಮಾತಾಡುತ್ತಾರೆ, ಹಬ್ಬಕ್ಕೆ ಸಿಗುತ್ತಾರೆ ಎಂದು ಒಬ್ಬರಲ್ಲೇ ನಿಲ್ಲಬೇಡ. ಮೂರು ಕಡೆ ಅರ್ಜಿ ಹಾಕು. 45 ದಿನದೊಳಗೆ ಹಾಕಿದರೆ ಸಾಲ ಕೊಡುವವರು ನಿನ್ನ ಸ್ಕೋರ್ ವಿಚಾರಿಸಿದ್ದು ಒಂದೇ ಸಲ ಎಂದು ಲೆಕ್ಕವಾಗುತ್ತದೆ. ಅರ್ಜಿ ಹಾಕಿದ ಮೂರು ಕೆಲಸದ ದಿನದೊಳಗೆ ಪ್ರತಿಯೊಬ್ಬರೂ ಸಾಲದ ಬಡ್ಡಿ, ಖರ್ಚಿನ ಅಂದಾಜು ಇರುವ ಮೂರು ಪುಟದ ಲೋನ್ ಎಸ್ಟಿಮೇಟ್ ಕೊಡಲೇಬೇಕು. ಎರಡನೇ ಪುಟದ ಎಡಗಡೆ ಮೇಲ್ಗಡೆ ಸಾಲ ಕೊಡುವವರು ತಮಗಾಗಿ ಹಾಕಿಕೊಂಡ ಶುಲ್ಕ ಇರುತ್ತದೆ.

ಆ ಮೂರೂ ಕೈಗೆ ಬಂದ ದಿನ ನನಗೆ ಕಳಿಸು. ಶನಿವಾರ ಬೆಳಿಗ್ಗೆ ಮನೆಗೆ ಬಾ, ತೆಳ್ಳೇವು ಮಾಡಿಸುತ್ತೇನೆ, ಸಾಲು ಸಾಲಾಗಿ ಕೂತು ಓದೋಣ.